ಬೋರ್ಡಿಗೊಂದು ನಗು

ಮಾರ್ಚ್ 3, ಬೆಳಗ್ಗೆ

ಹಲ್ಲುಜ್ಜಿ ಕನ್ನಡಿಯ ಮುಂದೆ ನಗುವ ಅಭ್ಯಾಸ — ಇಂದೂ ಆಯಿತು. ಇಂದೂ ಸೋಲು. ಮೇಲ್ದುಟಿ ಜಪ್ಪಯ್ಯ ಅಂದರೂ ಅಲ್ಲಾಡುವುದಿಲ್ಲ. ಯಜಮಾನರು ಮುಖಕ್ಕೆಲ್ಲ ಶೇವಿಂಗ್ ಕ್ರೀಮ್ ಹಚ್ಚಿಕೊಂಡು ಹಿಂದಿನಿಂದ ಇಣುಕಿದರು.

"ಹಲ್ಲಿದ್ದೋರಿಗೆ ಕಡ್ಲೆ ಇಲ್ಲ ಅಂತಾರೆ. ನಿನಗೆ ಹಲ್ಲೂ ಇದೆ, ಸ್ವಂತ ಹಲ್ಲಿನ ಕ್ಲಿನಿಕ್ಕೂ ಬಂತು. ನಗೋಕೇನೇ ರೋಗ?"

ರೋಗವೇ. ಇಷ್ಟು ವರ್ಷ ಮಾಸ್ಕ್ ಹಾಕಿಕೊಂಡು ಮಕ್ಕಳ ಹಲ್ಲು ಕಿತ್ತವಳು. ಮಾಸ್ಕಿನೊಳಗೆ ನಕ್ಕರೇನು, ಬಿಟ್ಟರೇನು. ತುಟಿಗೆ ರೂಢಿ ತಪ್ಪಿದೆ.

ಮಾರ್ಚ್ 5

ಶನಿವಾರಕ್ಕೆ ಫೋಟೋಗ್ರಾಫರ್ ಹತ್ತಿರ ಟೈಮ್ ತೆಗೆದುಕೊಂಡಿದ್ದಾಳೆ ಮಗಳು. ಕ್ಲಿನಿಕ್ಕಿನ ಬಾಗಿಲ ಪಕ್ಕದ ಬೋರ್ಡಿಗೆ ನನ್ನ ಮುಖ — ಬರೀ ಮುಖ, ದೊಡ್ಡದಾಗಿ. ಬೇಡ ಎಂದೆ.

"ಅಮ್ಮಾ, ಒಳಗೆ ಬರೋ ಮೊದ್ಲೇ ಮಕ್ಕಳು ಡಾಕ್ಟರ್ ಯಾರು ಅಂತ ನೋಡ್ಬೇಕು. ಆಗ ಹೆದರಿಕೆ ಹೋಗತ್ತೆ."

ನೋಡಿದರೇ ಹೆದರುತ್ತವಲ್ಲ! ಹಳೆಯ ಆಸ್ಪತ್ರೆಯಲ್ಲಿ ನನ್ನ ಫೋಟೋ ನೋಡಿ ಮಕ್ಕಳು ಬಾಗಿಲಲ್ಲೇ ರಂಪ ತೆಗೆಯುತ್ತಿದ್ದವು. ಕೊನೆಗೆ ರಿಸೆಪ್ಷನ್ನಿನವಳು ಅದರ ಮುಂದೆ ಗಿಡದ ಕುಂಡ ತಂದಿಟ್ಟಳು. ಅವತ್ತು ಎಲ್ಲರ ಜೊತೆ ನಾನೂ ತಮಾಷೆ ಮಾಡಿದೆ. ನೋವಾಗಿತ್ತು. ಈಗ ನನ್ನದೇ ಬಾಗಿಲಲ್ಲಿ ನನ್ನ ಮುಖ ನೋಡಿ ಮಗು ಅತ್ತರೆ... ತಡೆಯಲಾರೆ.

ಮಾರ್ಚ್ 6, ಸಂಜೆ

ಬೀಗಿತ್ತಿ ಬಂದಿದ್ದರು — ಮಗಳ ಅತ್ತೆ. ಕರೆದವರಿಲ್ಲ. ನನ್ನ ಬೀರು ತೆಗೆದು ಬಟ್ಟೆಯನ್ನೆಲ್ಲ ಮಂಚದ ಮೇಲೆ ಹರಡಿದರು.

"ಬಿಳಿ ಕೋಟು ಬೇಡ ಬೀಗ್ರೇ. ಮಕ್ಕಳಿಗೆ ಸೂಜಿ ನೆನಪಾಗತ್ತೆ."

ಸರಿಯಾದ ಮಾತು. ಒಪ್ಪಿಕೊಳ್ಳಲು ಮನಸ್ಸು ಬರಲಿಲ್ಲ. ಮಕ್ಕಳ ಮದುವೆ ಆದಾಗಿನಿಂದ ನಾವಿಬ್ಬರೂ "ಬನ್ನಿ, ಕೂತ್ಕೊಳ್ಳಿ, ಏನು ತಗೋತೀರಿ" ದಾಟಿ ಮುಂದೆ ಹೋದವರೇ ಅಲ್ಲ. ಅವರು ನಕ್ಕರೆ ಮೂರು ಮನೆಗೆ ಕೇಳುತ್ತದೆ. ನಾನು ನಕ್ಕರೆ ನನಗೇ ಕೇಳುವುದಿಲ್ಲ. ಹಳದಿ ಶರ್ಟ್ ಆರಿಸಿ, ತಾವೇ ಇಸ್ತ್ರಿ ಮಾಡಿಟ್ಟರು. "ಶನಿವಾರ ನಾನೂ ಬರ್ತೀನಿ." ಕೇಳಿದ್ದಲ್ಲ, ಹೇಳಿದ್ದು.

ಮಾರ್ಚ್ 7

ಮುಖಕ್ಕೆ ಹೊಸದೇನೂ ಹಚ್ಚಬೇಡ ಎಂದಿದ್ದಳು ಮಗಳು. ಹಚ್ಚಿದೆ. ಒಂದು ಕೆನ್ನೆ ಟೊಮೆಟೊ. ದೇವರೇ.

ಮಾರ್ಚ್ 8

ಎಂಥಾ ದಿನ!

ಕೆನ್ನೆಯ ಕೆಂಪು ಹೇಗೋ ಇಳಿದಿತ್ತು. "ಚೀಸ್ ಅನ್ನಿ ಮೇಡಂ" ಎಂದ ಫೋಟೋಗ್ರಾಫರ್. ಅಂದೆ. ಹರಳೆಣ್ಣೆ ಕುಡಿದವಳ ಮುಖ ಬಂತು. "ಸೂಪರ್ ಮೇಡಂ, ಇನ್ನೊಂದು." ಸೂಪರ್ ಮೇಲೆ ಸೂಪರ್. ಕೊನೆಗೆ ಪಾಪ, ಅವನ ನಗುವೇ ಬಾಡಿತು. ನನಗೆ ಅಳು ಬರುವುದೊಂದು ಬಾಕಿ.

ನನ್ನ ಮುಖಕ್ಕೆ ಬೆಳಕು ತಿರುಗಿಸಲು ಬಿಳಿ ಹಲಗೆ ಹಿಡಿದು ನಿಂತಿದ್ದವರು ಬೀಗಿತ್ತಿ. ತಾವಾಗಿಯೇ ಕಸಿದುಕೊಂಡ ಕೆಲಸ. ಅವನು ಮಾತಿಗೆಂದು ಕೇಳಿದ, "ಅವ್ರು ನಿಮ್ಮ ಅಕ್ಕನಾ ಮೇಡಂ?"

"ಅಲ್ಲಪ್ಪ, ಬೀಗಿತ್ತಿ."

ಕ್ಲಿಕ್.

"ಹಾಂ! ಅದೇ! ಇನ್ನೊಂದ್ಸಲ ಅನ್ನಿ!"

"ಬೀಗಿತ್ತಿ. ಬೀ... ಗಿ... ತ್ತಿ."

ಈಗ ಬರೆಯುವಾಗಲೂ ಮೆಲ್ಲಗೆ ಅಂದು ನೋಡಿದೆ. ಮೂರು ಅಕ್ಷರ, ಮೂರೂ ತುಟಿಯನ್ನು ಕಿವಿಯ ಕಡೆಗೇ ಎಳೆಯುತ್ತವೆ! ನಾನು ಅನ್ನುತ್ತಲೇ ಇದ್ದೆ. ಹಲಗೆಯ ಹಿಂದಿನಿಂದ ದನಿ ಬಂತು.

"ಏನ್ ಬೀಗ್ರೇ, ಕರೀತಿದ್ದೀರೋ ಬೈತಿದ್ದೀರೋ?"

ಅಷ್ಟೇ. ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವರೂ. ಹಲಗೆ ಅಲ್ಲಾಡಿ ಬೆಳಕೆಲ್ಲ ಗೋಡೆಯ ಮೇಲೆ ಕುಣಿಯಿತು. ಹಲ್ಲು, ಒಸಡು, ಎಲ್ಲ ಬಂದಿದೆ ಫೋಟೋದಲ್ಲಿ. ಅದೇ ಬೋರ್ಡಿಗೆ. "ಎಲ್ಲಾ ನನ್ನಿಂದಾನೇ" ಎಂದು ಬೀಗಿತ್ತಿ ದಾರಿಯುದ್ದಕ್ಕೂ ಬೀಗಿದರು. ಬೀಗಲಿ. ತುಂಬ ಇಷ್ಟವಾದರು ಇವತ್ತು.

ಮಾರ್ಚ್ 21, ಕ್ಲಿನಿಕ್ಕಿನಲ್ಲಿ

ಮೊದಲ ಪೇಷಂಟ್ ಈಗಷ್ಟೇ ಹೋದಳು. ಪುಟ್ಟ ಹುಡುಗಿ, ತಾತನ ಜೊತೆ. ಬೋರ್ಡಿನ ಮುಂದೆ ಬಹಳ ಹೊತ್ತು ನಿಂತಳು. ಅಳಲಿಲ್ಲ! ಒಳಗೆ ಬಂದಳು. ಮೊದಲ ದಿನದ ಗಾಬರಿ ನನಗೆ, ಮುಖ ಗಂಟಾಗಿತ್ತು. ನೋಡಿದವಳೇ ತಾತನ ಅಂಗಿ ಹಿಡಿದಳು.

"ಈ ಆಂಟಿ ಬೇಡ ತಾತಾ. ಹೊರಗಡೆ ಇದಾರಲ್ಲ, ಆ ಆಂಟಿ ಬೇಕು."

ತಾತ ನಾಲಿಗೆ ಕಚ್ಚಿಕೊಂಡರು. "ಅವ್ರೇ ಇವ್ರು ಪುಟ್ಟೀ."

"ಅಲ್ಲ. ಅವ್ರು ಒಳ್ಳೆಯವ್ರು."

ಯಾವ ಅಕ್ಷರವೂ ಬೇಕಾಗಲಿಲ್ಲ. ನಗು ತಾನಾಗಿಯೇ ನುಗ್ಗಿತು, ಸದ್ದು ಮಾಡಿಕೊಂಡೇ. ಹುಡುಗಿ ನನ್ನನ್ನು ದಿಟ್ಟಿಸಿದಳು. ಹೊರಗೆ ಓಡಿ, ಬೋರ್ಡ್ ನೋಡಿ ಬಂದಳು. ಕುರ್ಚಿ ಹತ್ತಿ ಕೂತಳು.

"ತಾತಾ, ಬಂದ್ರು" ಎಂದು ಬಾಯಿ ತೆರೆದಳು.

ಎರಡು ಹುಳುಕು ಹಲ್ಲು. ಒಂದು ತೊಟ್ಟು ಕಣ್ಣೀರಿಲ್ಲ — ಅವಳದು. ನಾನೇ ಈಗ ಬರೆಯುತ್ತ...

ಬೋರ್ಡಿನ ಹತ್ತಿರ ಪುಟ್ಟ ಚಪ್ಪಲಿಗಳ ಸದ್ದು. ಇನ್ನೊಂದು ಮಗು ಬಂತು. ಬಾಗಿಲು ನಾನೇ ಹೋಗಿ ತೆಗೆಯಬೇಕು.