ಮೂರನೇ ಚಂದ್ರ

ಬ್ರೂಕ್ಲಿನ್, ಮಾರ್ಚ್ 6, 1951. ಬೆಳಿಗ್ಗೆ

ಕಾಫಿಗೆ ಮುಂಚೆ ಎರಡು ಪುಟ ಟೈಪಾಯಿತು. ಬೆರಳೆಲ್ಲ ಕಾರ್ಬನ್ ಮಸಿ. ಕತೆ ಓಡುತ್ತಿದೆ. ಇಂಥದ್ದನ್ನು ಈ ಊರಲ್ಲಿ ನನ್ನಷ್ಟು ಚೆನ್ನಾಗಿ ಬರೆಯುವವರು ಯಾರಿದ್ದಾರೆ?

ಸಂಪಾದಕ ಗ್ರೂಬರ್‌ನ ಪತ್ರಿಕೆಯಲ್ಲಿ ಮೊದಲು ಮುಖಪುಟದ ಚಿತ್ರ, ಆಮೇಲೆ ಅದಕ್ಕೆ ಕತೆ. ಈ ಸಲ ಸ್ಕೆಚ್ಚಿನಲ್ಲಿರುವುದು ಕೆಂಪು ಮರಳು, ಒಂಟಿ ಗಗನಯಾತ್ರಿ, ಮುಳುಗುತ್ತಿರುವ ಎರಡು ಚಂದ್ರ. ಕೆಳಗೆ ದಪ್ಪ ಅಕ್ಷರದಲ್ಲಿ ನನ್ನ ಹೆಸರು — ಮಿಲ್ಟನ್ ಜೆಲ್ನಿಕ್. ಇಷ್ಟು ವರ್ಷ ಗ್ರೂಬರ್ ಇಟ್ಟ ಸುಳ್ಳು ಹೆಸರುಗಳಲ್ಲೇ ಬರೆದೆ. ಈ ಸಲ ಹಟ ಹಿಡಿದೆ. ಗೆದ್ದೆ.

ಅಪ್ಪನಿಗೆ ಹೇಳಿದೆ. ಕೋಟಿನ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವವನು.

"ಮೊದ್ಲು ಕೋಟು ಹೊಲಿದು, ಆಮೇಲೆ ಅದಕ್ಕೆ ಸರಿಹೋಗೋ ಮನುಷ್ಯನ್ನ ಹುಡುಕ್ತೀರಾ? ಭಾರೀ ಕಸುಬು ಕಣೋ!"

"ಈ ಸಲ ನಮ್ಮ ಹೆಸರಲ್ಲಿ ಬರುತ್ತಪ್ಪ."

ಅಪ್ಪ ಹೆರಿಂಗ್ ಮೀನಿನ ಮುಳ್ಳು ಬಿಡಿಸುತ್ತ ಕೂತ. ಆಮೇಲೆ, "ಹಂಗಾದ್ರೆ ಓದ್ತೀನಿ" ಎಂದ. ನನ್ನ ಒಂದು ಸಾಲನ್ನೂ ಓದಿದವನಲ್ಲ!

ಮಾರ್ಚ್ 9

ಮುಗಿಸಿ ಕೊಟ್ಟು ಬಂದೆ. ಚಂದ್ರ ಎರಡೂ ಒಟ್ಟಿಗೆ ಮುಳುಗುತ್ತವೆ. ಆ ಕತ್ತಲಲ್ಲಿ ಮರಳಿನ ಪ್ರಾಣಿಗಳು ಏಳುತ್ತವೆ. ನನ್ನ ಗಗನಯಾತ್ರಿ ಒಬ್ಬನೇ ಸಾಯುತ್ತಾನೆ. ಯಾರೂ ಬರುವುದಿಲ್ಲ. ಬಹಳ ಚೆನ್ನಾಗಿದೆ.

ಮಾರ್ಚ್ 12

ಕೆಳಗಿನ ಮಿಠಾಯಿ ಅಂಗಡಿಯ ಫೋನಿಗೆ ಗ್ರೂಬರ್.

"ಜೆಲ್ನಿಕ್, ಚಂದ್ರ ಎಷ್ಟಯ್ಯ?"

"ಎರಡು."

"ಮೂರು! ನೆತ್ತಿ ಮೇಲೆ ಖಾಲಿ ಕಾಣ್ತು ಅಂತ ನಮ್ಮ ಚಿತ್ರಗಾರ ಕೊನೇಲಿ ಇನ್ನೊಂದು ಬರ್ದಿದಾನೆ. ಮುಖಪುಟ ಅಚ್ಚಾಗೋಯ್ತು."

"ಯಾರು ಎಣಿಸ್ತಾರೆ ಬಿಡಿ."

"ನಮ್ಮ ಓದುಗರು ಎಣಿಸೋದೇ ಅದನ್ನ! ಪತ್ರ ಬರ್ದು ಚರ್ಮ ಸುಲೀತಾರೆ. ನಾಳೆ ಬೆಳಿಗ್ಗೆ ಸರಿಮಾಡಿ ತಾ. ಇಲ್ಲಾಂದ್ರೆ ಫಿಚ್ ಕೈಲಿ ಬೇರೆ ಕತೆ ಬರೆಸ್ತೀನಿ."

"ಹೆಸರು?"

"ಅಚ್ಚಾಗಿದೆಯಲ್ಲ. ನಿಂದೇ ಇರುತ್ತೆ."

ಅಂದರೆ ಅಪ್ಪ ಬೆರಳಿಟ್ಟು ಓದುವುದು ಗ್ರೂಬರ್‌ನ ಇನ್ನೊಬ್ಬ ಬರಹಗಾರ ಫಿಚ್‌ನ ಕತೆ, ನಮ್ಮ ಹೆಸರಿನ ಕೆಳಗೆ.

ಅದೇ ದಿನ, ಸಂಜೆ

ನೆತ್ತಿಯ ಮೇಲೆ ಚಂದ್ರ ಇದ್ದರೆ ಕತ್ತಲೆ ಎಲ್ಲಿ? ಪ್ರಾಣಿಗಳು ಏಳುವುದೆಲ್ಲಿ? ಕತೆಯ ಸೊಂಟವೇ ಮುರಿಯಿತು. ಹಾಳೆ ಮೇಲೆ ಹಾಳೆ ಹರಿದೆ...

ಅಪ್ಪ ಕೆಲಸದಿಂದ ಬಂದ. ದಿನದಂತೆ ಬಾಗಿಲಲ್ಲಿ ನಿಂತ. ನಾನು ಟೈಪು ಮಾಡುವುದನ್ನು ಹೀಗೇ ನೋಡುತ್ತಾನೆ, ವರ್ಷಗಳಿಂದ. ದೀಪ ದಂಡವಾಗುತ್ತಿದೆ, ಬೇಗ ಆರಿಸಲಿ ಎಂದು ಕಾಯುತ್ತಾನೆ ಅಂದುಕೊಂಡಿದ್ದೆ. ಇವತ್ತು ರೇಗಿಹೋಯಿತು.

"ದಿನಾ ಅಲ್ಲಿ ಯಾಕಪ್ಪ ನಿಂತ್ಕೋತೀಯ?"

"ಒಳಗೆ ಬರೋಣ ಅಂತ" ಎಂದ. "ನೀನು ಕರೀಲೇ ಇಲ್ಲ."

ಟೋಪಿ ತೆಗೆದು ಅಡುಗೆಮನೆಗೆ ಹೋದ. ನನಗೆ ನಾಚಿಕೆಯಾಯಿತು. ಮರುಕ್ಷಣವೇ, ದೇವರಾಣೆ, ಕತೆ ಸಿಕ್ಕಿತು. ಆ ಮೂರನೆಯದು ಚಂದ್ರನೇ ಅಲ್ಲ! ಆಕಾಶದ ಹಡಗು. ನನ್ನ ಗಗನಯಾತ್ರಿಯನ್ನು ಕರೆದೊಯ್ಯಲು ಬಂದದ್ದು. ಅವನು ರೇಡಿಯೋದಲ್ಲಿ ಒಂದು ಮಾತು ಆಡಿದರೆ ಇಳಿಯೋಣವೆಂದು ಕಾಯುತ್ತಿದೆ. ಅವನು ಅದನ್ನು ಚಂದ್ರ ಎಂದುಕೊಂಡೇ ಮುದುಕನಾದ. ಪ್ರಾಣಿಗಳು ಬೇಡ. ಕತ್ತಲೂ ಬೇಡ.

ಮಾರ್ಚ್ 13

ಗ್ರೂಬರ್ ನಿಂತೇ ಓದಿದ. "ಮೂರನೇದನ್ನ ನೀನೇ ಹೇಳಿ ಬರೆಸಿದಂಗಿದೆಯಲ್ಲಯ್ಯ" ಎಂದ. ಫಿಚ್‌ಗೆ ಫೋನು ಮಾಡಿ ಬೇಡವೆಂದ. ನಾನಲ್ಲದೆ ಇನ್ಯಾರು ಬರೆದಾರು!

ಮೇ 4. ಸಂಜೆ

ಪತ್ರಿಕೆ ಬಂತು. ಅಪ್ಪನೇ ಕೊಂಡು ತಂದ. ಅಡುಗೆಮನೆಯಲ್ಲಿ ಕೂತು ಓದುತ್ತಿದ್ದಾನೆ, ಬೆರಳಿಟ್ಟು, ತುಟಿ ಆಡಿಸುತ್ತ. ನಾನು ಬಾಗಿಲಲ್ಲಿ, ಚೌಕಟ್ಟಿಗೆ ಒರಗಿ ಇದನ್ನು ಗೀಚುತ್ತಿದ್ದೇನೆ. ಒಳಗೆ ಹೋಗಲು ಧೈರ್ಯವಿಲ್ಲ.

ಕೊನೆಯ ಪುಟ. ಬೆರಳು ನಿಂತಿತು. ಕನ್ನಡಕ ತೆಗೆದ. ಒರೆಸುತ್ತಿದ್ದಾನೆ... ಇನ್ನೂ ಒರೆಸುತ್ತಿದ್ದಾನೆ. ಈಗ ಎದುರಿನ ಕುರ್ಚಿಯನ್ನು ಕಾಲಲ್ಲಿ ಹಿಂದಕ್ಕೆ ತಳ್ಳಿದ. ತಲೆ ಎತ್ತಿದ.

"ಮಿಲ್ಟನ್, ಬಾರೋ ಒಳ—