ಅರವತ್ನಾಲ್ಕು ಎಂಬಿ

ತಾವರಗೇರಾ
14-6-2006, ಬುಧವಾರ

ಪ್ರೀತಿಯ ರೇಣುಕಾ,

ನಾನಿಲ್ಲಿ ಆರಾಮ ಇದ್ದೇನೆ. ನೀನು, ಕೂಸು, ಮಾವ, ಅತ್ತೆ ಎಲ್ಲರೂ ಆರಾಮ ಇದ್ದೀರೆಂದು ನಂಬಿದ್ದೇನೆ. ಕಾಗದ ತಡವಾಯಿತು. ಭಾನುವಾರ ತೊಟ್ಟಿಲ ಕಾರ್ಯಕ್ಕೆ ಶ್ರೀರಾಮನಗರಕ್ಕೆ ಬರುತ್ತೇನೆಂದು ಹೇಳಿ ಬರಲೂ ಇಲ್ಲ. ತಪ್ಪು ನನ್ನದೇ. ಬೈ, ಆದರೆ ಪೂರ್ತಿ ಓದಿದ ಮೇಲೆ ಬೈ. ಯಾಕೆಂದರೆ ನಾವು ಗೆದ್ದೆವು!

ನಾನೀಗ ಕೆಲಸಕ್ಕಿರುವ ಉಮರಸಾಬರ ಫೋನ್ ಅಂಗಡಿಯ ಮೂಲೆಯಲ್ಲಿ ಕಂಪ್ಯೂಟರ್ ಪಕ್ಕ ಕಲರ್ ಪ್ರಿಂಟರ್ ಒಂದಿದೆ. ಹೊಸಪೇಟೆಯಿಂದ ಹಳೆಯದು ತಂದದ್ದು, ಸಿಡಿ ಕೊಟ್ಟಿರಲಿಲ್ಲ. ಸಿಡಿಯಲ್ಲಿನ ಸಾಫ್ಟ್‌ವೇರ್ ಇಲ್ಲದೆ ಪ್ರಿಂಟರ್ ಕಂಪ್ಯೂಟರಿನ ಮಾತು ಕೇಳುವುದಿಲ್ಲ. ಸಾಹೇಬರ ಹೆಂಡತಿ ಹಮೀದಾಬಿ ಅದರ ಮೇಲೆ ಹಪ್ಪಳದ ಡಬ್ಬಿ ಇಡುತ್ತಿದ್ದರು. ಕಳೆದ ಗುರುವಾರ ಸಾಹೇಬರು, "ಸೋಮವಾರ ಕುಷ್ಟಗಿಯಿಂದ ಒಬ್ಬಾಂವ ಬಂದು ಒಯ್ತಾನ. ಇಟ್ಕೊಂಡು ಏನ್ ಮುದ್ದಾಡೋದೈತಿ?" ಎಂದರು.

"ಆ ಸಾಫ್ಟ್‌ವೇರ್ ಇಂಟರ್‌ನೆಟ್‌ನ್ಯಾಗ ಐತ್ರಿ ಚಾಚಾ, ನಾ ಇಳಸ್ತೀನಿ," ಎಂದೆ.

"ಇಳಿಸಿ, ಒಂದು ಫೋಟೋ ತೆಗದು ತೋರಿಸು. ಆ ಮೂಲಿ ನಿಂದು. ನೀನಾ ನಡಸು."

ನಮ್ಮದೇ ಎನ್ನುವ ಒಂದು ಮೂಲೆ, ರೇಣುಕಾ! ಲಾರಿ ಬಿಟ್ಟೆ, ರೈಸ್‌ಮಿಲ್ ಬಿಟ್ಟೆ, ಬೇಕರಿ ಬಿಟ್ಟೆ. "ನಮ್ಮ ಅಳಿಯನ ಕಾಲಾಗ ಚಕ್ರ ಅದಾವ" ಎಂದು ಮಾವ ನಾಲ್ಕು ಮಂದಿಯ ಮುಂದೆ ಅನ್ನುವುದು ನಿನಗೂ ಗೊತ್ತು. ಒಂದು ಕಡೆ ಕುಳಿತು ಮಾಡುವ ಕೆಲಸ ಸಿಕ್ಕರೆ ನಿನ್ನನ್ನೂ ಕೂಸನ್ನೂ ಇಲ್ಲಿಗೆ ಕರೆದುಕೊಂಡು ಬರಬಹುದು ಎಂಬುದೊಂದೇ ತಲೆಯಲ್ಲಿ ಕುಣಿಯಿತು.

ಫೈಲು ಅರವತ್ನಾಲ್ಕು ಎಂಬಿ. ಎಂಬಿ ಎಂದರೆ ಅದರ ತೂಕ ಅಂದುಕೋ. ನಮ್ಮ ಇಂಟರ್‌ನೆಟ್ ಬರುವುದು ಫೋನಿನ ತಂತಿಯಲ್ಲೇ. ಅದು ನಡೆಯುವಾಗ ಫೋನ್ ಇಲ್ಲ, ಫೋನ್ ನಡೆಯುವಾಗ ಅದಿಲ್ಲ. ಗಂಟೆಗೆ ಎಂಟು ಎಂಬಿ ಬಂದರೆ ಪುಣ್ಯ. ಶುಕ್ರವಾರ ಬೆಳಿಗ್ಗೆ ಹಚ್ಚಿದೆ. ಸಂಜೆಯ ಹೊತ್ತಿಗೆ ಐವತ್ತೊಂದು ಬಂದಿತ್ತು. ಆಗ ಮೇಲಿನ ಮನೆಯಲ್ಲಿ ಹಮೀದಾಬಿ ತಂಗಿಗೆ ಫೋನ್ ಹಚ್ಚಲು ಅದೇ ಲೈನಿನ ರಿಸೀವರ್ ಎತ್ತಿದರು. "ಏ ಯಂಕೇಶ, ಇದರಾಗ ಏನೋ ಕಿರ್ರ್ ಅಂತ ಒದರಾಕತ್ತೈತಲ್ಲೋ! ಇಲಿ ಹೊಕ್ಕೈತೇನ?"

ಸಂಪರ್ಕ ಕಡಿಯಿತು. ಐವತ್ತೊಂದೂ ಹೋಯಿತು. ಮತ್ತೆ ಸೊನ್ನೆ.

ತಲೆ ಹಿಡಿದು ಕುಳಿತಿದ್ದೆ. ಟೆಲಿಫೋನ್ ಲೈನ್‌ಮನ್ ಓಬಳೆಪ್ಪ ಬಂದು ನೋಡಿ, "ಹಿಂಗ ಇಳಿಸಿದ್ರ ನಿನ್ನ ಮಗಳ ಮದುವಿಗೆ ಮುಗಿತೈತಿ ಬಿಡು," ಎಂದು ನಕ್ಕ. ಕಡಿದಲ್ಲಿಂದಲೇ ಮತ್ತೆ ಶುರು ಮಾಡುವ ಸಣ್ಣ ಪ್ರೋಗ್ರಾಮ್ ಒಂದಿದೆಯಂತೆ. ಫ್ಲಾಪಿಯಲ್ಲಿ ತಂದುಕೊಟ್ಟ. ನಡುವೆ ಬೇರೆ ಕರೆ ಬಂದರೆ ಕುಂಯ್ ಎಂದು ಸದ್ದಾಗಿ ಇಂಟರ್‌ನೆಟ್ ಕಡಿಯುತ್ತಿತ್ತು. ಆ ಕಾಲ್ ವೇಟಿಂಗ್ ಸೌಲಭ್ಯ ಬಂದ್ ಮಾಡುವುದನ್ನೂ ಹೇಳಿಕೊಟ್ಟ. ಬಂದ್ ಮಾಡಿದೆ. ಇನ್ನು ಯಾರೇ ಫೋನ್ ಮಾಡಲಿ, ಅವರಿಗೆ ಎಂಗೇಜ್. ನಮಗೆ ಸದ್ದೇ ಇಲ್ಲ.

ಶನಿವಾರ ನಾಲ್ಕು ಸಲ ಕರೆಂಟ್ ಹೋಯಿತು. ಪ್ರತಿ ಸಲ ಬಂದಾಗ ಒಂದು ಗುಂಡಿ ಒತ್ತಿದೆ, ಬಿಟ್ಟಲ್ಲಿಂದಲೇ ಹೊರಟಿತು! ಹದಿನೇಳು, ಇಪ್ಪತ್ತಾರು, ನಲವತ್ತು. ಕುಣಿದುಬಿಟ್ಟೆ. ಹಮೀದಾಬಿ ಮೇಲಿನ ಫೋನಿಗೆ ಟವೆಲ್ ಸುತ್ತಿ, ಅದರ ಮುಂದೆಯೇ ಬೆಳ್ಳುಳ್ಳಿ ಬಿಡಿಸುತ್ತ ಕುಳಿತರು. ಬಂದವರಿಗೆಲ್ಲ, "ಮುಟ್ಟಬ್ಯಾಡ್ರಿ, ಫೈಲ್ ಇಳ್ಯಾಕತ್ತೈತಿ," ಎನ್ನುವುದು, ಹತ್ತು ನಿಮಿಷಕ್ಕೊಮ್ಮೆ ಮೆಟ್ಟಿಲ ಮೇಲಿಂದ, "ಎಷ್ಟಾತೋ?" ಎಂದು ಕೂಗುವುದು.

ಭಾನುವಾರ ಬೆಳಿಗ್ಗೆ ಹೊಸ ಅಂಗಿ ಹಾಕಿ, ಚೀಲ ಹೆಗಲಿಗೆ ಹಾಕಿ ಕುಳಿತಿದ್ದೆ. ಬರೀ ಒಂಬತ್ತು ಎಂಬಿ ಉಳಿದಿತ್ತು. ಮುಗಿಸಿ ಗಂಗಾವತಿ ಬಸ್ ಹಿಡಿದರಾಯಿತು ಎಂದುಕೊಂಡೆ. ಅಂದೇ ಲೈನು ಹಟ ಹಿಡಿಯಬೇಕೆ? ಒಂದಿಷ್ಟು ಬರುತ್ತದೆ, ಕಡಿಯುತ್ತದೆ. ತಕ್ಷಣ ಮತ್ತೆ ಹಚ್ಚುತ್ತೇನೆ. ಇನ್ನೊಂದು ಎಂಬಿ, ಇನ್ನೊಂದು ಬಸ್ಸು. ಇನ್ನೊಂದು ಎಂಬಿ, ಇನ್ನೊಂದು ಬಸ್ಸು. ಉಮರಸಾಬರೇ ಬೈದರು: "ಮಗಳ ತೊಟ್ಟಿಲ ಬಿಟ್ಟು ಇಲ್ಲಿ ಕುಂತೀಯಲ್ಲೋ ಹುಚ್ಚಾ! ನಡಿ, ಗುಂಡಿ ನಾ ಒತ್ತತೀನಿ." ಅವರು ಬೇರೇನಾದರೂ ಒತ್ತಿ ಎಲ್ಲ ಅಳಿಸಿದರೆ? ನಾನು ಏಳಲಿಲ್ಲ.

ಮೂರೂ ನಲವತ್ತಕ್ಕೆ ಮುಗಿಯಿತು! ಚಾಚಾರ ಡಿಜಿಟಲ್ ಕ್ಯಾಮೆರಾದಲ್ಲಿ ಮೊದಲ ಫೋಟೋ ಹಮೀದಾಬಿಯದು. ಪ್ರಿಂಟರ್ ಕರಕರ ಎಂದು ಹಸಿರು ಮುಖ ಹೊರಗೆ ಹಾಕಿತು. "ಅಯ್ಯ, ನನ್ನ ಪಾಲಕ್ ಮಾಡಿಬಿಟ್ಟ್ಯಲ್ಲೋ!" ಎಂದರು. ಶಾಯಿಯ ಡಬ್ಬಿ ಒರೆಸಿ ಹಾಕಿದೆ. ಎರಡನೆಯದು ಅವರ ಮೂಗುಬೊಟ್ಟಿನ ಕೆಂಪು ಹರಳು ಸಮೇತ ಬಂತು. ಸಾಹೇಬರು ಅದನ್ನು ಬಾಗಿಲ ಹೊರಗೆ ಬಿಸಿಲಿಗೆ ಹಿಡಿದು ನೋಡಿದರು. ಒಳಗೆ ಬಂದು ಕುಷ್ಟಗಿಯವನಿಗೆ ಫೋನ್ ಹಚ್ಚಿ, "ಬರಬ್ಯಾಡಪ್ಪ, ಅದಕ್ಕ ಮಾಲಕ ಸಿಕ್ಕಾನ," ಎಂದರು. ನಿನ್ನೆ ಕಾಲೇಜಿಗೆ ಅರ್ಜಿ ಹಾಕುವ ಹುಡುಗಿಯರು ಫೋಟೋ ತೆಗೆಸಲು ರಸ್ತೆಯವರೆಗೆ ಸಾಲು ನಿಂತಿದ್ದರು. ಎಲ್ಲರೂ ನನ್ನನ್ನು "ಅಣ್ಣಾರ" ಎನ್ನುತ್ತಾರೆ. ಮೂರು ದಿನದಿಂದ ಒಂದೇ ಕುರ್ಚಿಯ ಮೇಲೆ ಕುಳಿತಿದ್ದೇನೆ, ನಂಬುತ್ತೀಯಾ?

ಬರುವ ಭಾನುವಾರ ಕ್ಯಾಮೆರಾ ತೆಗೆದುಕೊಂಡೇ ಬರುತ್ತೇನೆ. ಅತ್ತೆ, ಮಾವನಿಗೆ ನನ್ನ ನಮಸ್ಕಾರ ಹೇಳು. ನಿನ್ನ ಜೀವ ಜೋಪಾನ. ಕೂಸಿನ ಹಣೆಗೆ ನನ್ನದೊಂದು ಮುತ್ತು ಕೊಡು, ನೂರು ವರ್ಷ ನಗುತ್ತ ಬಾಳಲಿ.

ನಿನ್ನ
ಯಂಕೇಶ

ತಾ.ಕ.: ಓಬಳೆಪ್ಪ ಇವತ್ತು ಹೇಳಿದ. ಭಾನುವಾರ ಮಾವ ಫೋನ್ ಮಾಡಿ ಮಾಡಿ ಸಾಕಾಗಿ ಕೊನೆಗೆ ಇಲ್ಲಿನ ಎಕ್ಸ್‌ಚೇಂಜಿಗೇ ಹಚ್ಚಿದ್ದರಂತೆ. "ಅಳಿಯನ ಅಂಗಡಿ ಲೈನ್ ಕೆಟ್ಟೈತೇನ್ರಿ? ತೊಟ್ಟಿಲ ಮುಂದ ಕುಂತೀವಿ, ಕೂಸಿಗೆ ಏನ್ ಹೆಸರು ಇಡಬೇಕಂತ ಕೇಳಬೇಕಾಗೇತಿ." ಅಲ್ಲಿದ್ದವರು, "ಲೈನ್ ಛಲೋ ಐತ್ರಿ, ಯಾರ ಜೋಡಿನೋ ಮಾತಾಡಾಕತ್ತಾರ," ಎಂದರಂತೆ. "ಹಂಗಾರ ಇರ್ಲಿ ಬಿಡ್ರಿ," ಎಂದು ಮಾವ ಇಟ್ಟರಂತೆ. ಅಂದಿನಿಂದ ನಾನು ಫೋನ್ ಮಾಡಿದರೆ ನನ್ನ ದನಿ ಕೇಳುತ್ತಲೇ ಇಡುತ್ತಾರೆ. ಅದಕ್ಕೇ ಈ ಕಾಗದ. ಇವತ್ತು ಕಂಪ್ಯೂಟರಿನಲ್ಲಿ ಮಗಳ ಫೋಟೋಗಳಿಗೆಂದು ಒಂದು ಫೋಲ್ಡರ್ ಮಾಡಿದೆ. ಹೆಸರು ಕೇಳಿತು. ಏನು ಹೆಸರಿಟ್ಟಿರಿ, ರೇಣುಕಾ?