ಅಜ್ಜ ಇನ್ನೂ ಬಂದಿಲ್ಲ

ಜುಲೈ 6, 2015. ಸೋಮವಾರ

ಆಸ್ಪತ್ರೆಯ ಡ್ಯೂಟಿ ಮುಗಿಸಿ, ಬಾಟನಿ ಡೌನ್ಸ್‌ನಲ್ಲಿ ಕಾಯಿಪಲ್ಲೆ ತಗೊಂಡು ನಮ್ಮೂರು ಬೀಚ್‌ಲ್ಯಾಂಡ್ಸ್ ಮುಟ್ಟುವಷ್ಟರಲ್ಲಿ ಕತ್ತಲು. ಅತಿಥಿ ಆಗಲೇ ಬಂದು ಕೂತಿದ್ದಳು. ಹದಾಸ್. ಹತ್ತೊಂಬತ್ತು ವರ್ಷ. ನನ್ನ ವಾರ್ಡಿನ ನರ್ಸ್ ಮಿರಿಯಮ್ ನಮಗೆ ಗಂಟು ಹಾಕಿದ್ದು. ಇಸ್ರೇಲಿನಿಂದ ಒಂದು ವರ್ಷದ ಸೇವೆಗೆ ಬಂದವಳು — ಇಲ್ಲಿನ ಯಹೂದಿ ಮಕ್ಕಳಿಗೆ ಹೀಬ್ರೂ, ಹಾಡು, ಆಟ. ಇರುವ ಮನೆಯಲ್ಲಿ ರಿಪೇರಿಯಂತೆ, ಅದಕ್ಕೆ ಎರಡು ವಾರ ನಮ್ಮಲ್ಲಿ. ಅವರ ಶನಿವಾರದ ಆಚರಣೆಗೆ ಶುಕ್ರವಾರವೇ ಮಿರಿಯಮ್ ಕರೆದೊಯ್ಯುತ್ತಾಳೆ, ಭಾನುವಾರ ವಾಪಸ್.

ನಮ್ಮದು ಮಾಂಸದ ಸುಳಿವಿಲ್ಲದ ಅಡುಗೆಮನೆ. ಆದರೂ ತನ್ನದೇ ಪಾತ್ರೆ ತಂದಿದ್ದಾಳೆ. ನಮ್ಮತ್ತೆಯ ಮಡಿ ಇವಳ ಮುಂದೆ ಏನೂ ಅಲ್ಲ. ಐದು ವರ್ಷದ ನಮ್ಮ ಶರಣ್ಯಾ ಮಾತ್ರ "ಹದಾಸ್ ಅಕ್ಕ" ಅಂತ ಬಾಲ ಹಿಡಿದುಬಿಟ್ಟಿದ್ದಾಳೆ.

ಜುಲೈ 8

ನನಗೆ ಆಫ್. ಮಧ್ಯಾಹ್ನ ರೊಟ್ಟಿ ಬಡಿಯುತ್ತಿದ್ದೆ. ಸೈರನ್ ಕೂಗಿತು. ಊರಿನ ವಾಲಂಟಿಯರ್ ಫೈರ್ ಬ್ರಿಗೇಡಿನದು — ಎಲ್ಲೋ ಬೆಂಕಿಯೋ ಆಕ್ಸಿಡೆಂಟೋ. ನಮಗೆ ಅಭ್ಯಾಸ. ತಿರುಗಿದರೆ, ಚಿತ್ರ ಬಿಡಿಸುತ್ತಿದ್ದ ಶರಣ್ಯಾ, ಹದಾಸ್ ಇಬ್ಬರೂ ಇಲ್ಲ. ಬಣ್ಣದ ನೀರು ಕಾರ್ಪೆಟ್ ಮೇಲೆ.

ಬಾತ್‌ರೂಮಿನ ನೆಲದ ಮೇಲೆ ನನ್ನ ಮಗಳು. ಅವಳ ಮೇಲೆ ಬೋರಲಾಗಿ ಹದಾಸ್. ಒಂದು ಕೈಯಲ್ಲಿ ಬಾಗಿಲು ಹಿಡಿದು "ಕಮ್, ಕಮ್" ಅನ್ನುತ್ತಿದ್ದಳು. ಕಣ್ಣು ನನ್ನ ಮೇಲಿರಲಿಲ್ಲ. ನನ್ನ ಬೆನ್ನ ಹಿಂದೆ ಯಾರನ್ನೋ ಹುಡುಕುತ್ತಿದ್ದಳು. ತಿರುಗಿ ನೋಡಿದೆ. ಯಾರೂ ಇಲ್ಲ.

ಜುಲೈ 9

ಹದಾಸ್ ತಾನಾಗಿಯೇ ಹೇಳಿದಳು. ಗಾಝಾ ಗಡಿಯ ಹತ್ತಿರದ ಊರು. ರಾಕೆಟ್ ಬರುತ್ತಿದೆ ಅಂತ ಸೈರನ್ ಕೂಗಿದರೆ ಸೆಕೆಂಡುಗಳಲ್ಲಿ ಗಟ್ಟಿ ಗೋಡೆಯ ಕೋಣೆ ಸೇರಬೇಕು. ಹೋದ ವರ್ಷ ಇಡೀ ಜುಲೈ ಅದೇ. ಅಜ್ಜನ ಕೈಯಲ್ಲಿ ವಾಕರ್. ಒಂದು ದಿನ ಅವರೇ ಕಾರಿಡಾರಿನಿಂದ ಕೂಗಿದರಂತೆ — ನನ್ನ ಕಾಯಬೇಡ, ನೀನು ಬಾಗಿಲು ಮುಚ್ಚು. ಮುಚ್ಚಿದಳು.

ರಾಕೆಟ್ ಬಿದ್ದದ್ದು ದೂರದ ಹೊಲದಲ್ಲಿ. ಅಜ್ಜನಿಗೆ ಏನೂ ಆಗಲಿಲ್ಲ, ಈಗಲೂ ವಾರವಾರ ಸ್ಕೈಪಿನಲ್ಲಿ ಬರುತ್ತಾರೆ. "ಆದರೆ ನನಗೆ ಅವರು ಇನ್ನೂ ಬಾಗಿಲಾಚೆಯೇ ಇದ್ದಾರೆ, ಸೌಂದರ್ಯಾ," ಅಂದಳು.

ಗಡಿಯ ಆ ಕಡೆ ಅಂಥ ಕೋಣೆಯೂ ಇಲ್ಲವಲ್ಲ ಅಂತ ಬಾಯಿಗೆ ಬಂತು. ಎದ್ದು ಚಹಾಕ್ಕೆ ನೀರಿಟ್ಟೆ. ಶರಣ್ಯಾ ಪಕ್ಕದಲ್ಲೇ ಗೊಂಬೆಗೆ ಅಂಗಿ ಹಾಕುತ್ತಿದ್ದಳು. ಇವಳಿಗೇನು ತಿಳಿಯುತ್ತೆ ಅಂದುಕೊಂಡೆ.

ಜುಲೈ 13

ಕುಕ್ಕರ್ ಕೂಗಿದರೂ ಮಗಳು ಬಾತ್‌ರೂಮಿಗೆ ಓಡುತ್ತಾಳೆ. ಮೂರು ದಿನದಿಂದ ಹಾಸಿಗೆ ಒದ್ದೆ. ಗಂಡ ಸಂಗಮೇಶ್‌ಗೆ ಹೇಳಿದೆ.

"ಪಾಪ, ಆ ಹದಾಸೂ ಸಣ್ಣ ಹುಡುಗಿ. ಒಂದ್ ವಾರ ತಡ್ಕೋ."

"ನಿಮ್ಮ ಮಗಳು ಹಾಸಿಗಿ ತೋಯಿಸಾಕತ್ತಾಳ್ರಿ. ನಾ ಎಷ್ಟಂತ ತಡ್ಕೊಳ್ಳಲಿ?"

ಸಿಟ್ಟು ಬಂತು, ಬಂದದ್ದು ನಿಜ. ಮಿರಿಯಮ್‌ಗೆ ಫೋನ್ ಮಾಡಿ ಕರೆದುಕೊಂಡು ಹೋಗು ಅಂದೆ.

ಜುಲೈ 14

ಹೋದಳು. ಯಾಕೆ ಅಂತ ಕೇಳಲಿಲ್ಲ. ಹಾಸಿಗೆ ಮಡಚಿ, ಶರಣ್ಯಾಳಿಗೆ ಜಡೆ ಹೆಣೆದು, ನನಗೆ ಸಾರಿ ಹೇಳಿ ಕಾರು ಹತ್ತಿದಳು. ಮನೆ ಹಗುರಾಗಬೇಕಿತ್ತು. ನಾಚಿಕೆಯಾಗುತ್ತಿದೆ.

ಆಗಸ್ಟ್ 2. ಭಾನುವಾರ

ಸಂಗಮೇಶ್ ಏವನ್‌ಡೇಲ್ ಮಾರ್ಕೆಟ್ಟಿಗೆ ಹೋಗಿದ್ದರು. ಸೈರನ್. ಇಷ್ಟು ದಿನ ಆದ ಮೇಲೆ.

ಶರಣ್ಯಾ ಬಾತ್‌ರೂಮಿನ ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ಅಳುತ್ತಿರಲಿಲ್ಲ.

"ಕಮ್ ಇನ್, ಅಮ್ಮ."

"ಅದು ಫೈರ್ ಸೈರನ್ನು, ಪುಟ್ಟಾ. ನಮಗೇನೂ ಆಗಂಗಿಲ್ಲ."

"ಐ ನೋ. ಕಮ್ ಇನ್."

ಹೋಗಿ ನೆಲದ ಮೇಲೆ ಕೂತೆ. ಹೂಂ, ಈಗ ಬಾಗಿಲು ಹಾಕು ಅಂದೆ. ಬೇಡ ಅನ್ನುವಂತೆ ತಲೆಯಾಡಿಸಿದಳು.

"ನಾಟ್ ಯೆಟ್. ಅಕ್ಕಾಸ್ ಅಜ್ಜ ಈಸ್ ಸ್ಟಿಲ್ ಕಮಿಂಗ್."

ಇಬ್ಬರೂ ಕಾರಿಡಾರ್ ನೋಡುತ್ತಾ ಕೂತೆವು. ಸೈರನ್ ನಿಂತಿತು. ಅವಳು ಅಲ್ಲೇ ನನ್ನ ತೊಡೆಯ ಮೇಲೆ ನಿದ್ದೆ ಹೋದಳು. ಎತ್ತಿ ಮಲಗಿಸಿ ಬಂದು ಇದನ್ನು ಬರೆಯುತ್ತಿದ್ದೇನೆ. ಬಾತ್‌ರೂಮಿನ ಬಾಗಿಲು ಇನ್ನೂ ತೆರೆದೇ ಇದೆ. ಎದ್ದು ಹಾಕಬೇಕು, ಆದರೆ —